ಹೊಳೆಯ ಮೇಲೊಂದು ಗೆರೆ

ದಾರಿ ತಪ್ಪಿ ಬಂದವರನ್ನು ಹಿಂದಕ್ಕೆ ಕಳಿಸುವುದೂ ಒಂದು ಕೆಲಸವಾದೀತು ಎಂದು ಯಾರಾದರೂ ಮೊದಲೇ ಹೇಳಿದ್ದರೆ ಮೊಗುಲಪ್ಪ ಅವರ ಮುಖದ ಮೇಲೇ ನಕ್ಕುಬಿಡುತ್ತಿದ್ದ. ಮೀಸೆ ಚಿಗುರಿದಾಗಿನಿಂದ ಅವನು ಮಾಡಿಕೊಂಡು ಬಂದದ್ದು ಇದರ ಉಲ್ಟಾ ಕೆಲಸ. ಮಕ್ತಲ್ ಕಡೆಯ ದಂಡೆಯಲ್ಲಿ ನಿಂತವರನ್ನು ಕೃಷ್ಣಾ ಹೊಳೆ ದಾಟಿಸಿ ಗದ್ವಾಲ ಕಡೆಯ ದಂಡೆಗೆ ಮುಟ್ಟಿಸುವುದು. ಹರಗೋಲಿಗೆ ಈ ಸೀಮೆಯಲ್ಲಿ ಪುಟ್ಟಿ ಎನ್ನುತ್ತಾರೆ. ಹಿರೇರೇವಿನ ಪುಟ್ಟಿ ಮೊಗುಲಪ್ಪ ಎಂದರೆ ಎರಡೂ ದಂಡೆಯ ಹಳ್ಳಿಗಳಲ್ಲಿ ಗೊತ್ತಿಲ್ಲ ಎನ್ನುವವರು ಇರಲಿಲ್ಲ.

ಆ ಪುಟ್ಟಿಯಲ್ಲಿ ಏನು ದಾಟಿಲ್ಲ ಹೇಳಿ! ನಾರಾಯಣಪೇಟೆಯ ಸೀರೆಯ ಗಂಟು, ಗದ್ವಾಲದ ಮಗ್ಗಗಳಿಗೆ ರೇಷ್ಮೆ ನೂಲು, ಬೀರಪ್ಪನ ಡೊಳ್ಳು ಹೊತ್ತ ಕುರುಬರು, ಅವರ ಹಿಂದೆ ಬ್ಯಾ ಬ್ಯಾ ಎನ್ನುತ್ತ ಅವರ ಕುರಿಗಳು, ಜಮುಲಮ್ಮನಿಗೆ ಹರಕೆ ಹೊತ್ತವರು. ಕೊನೆಕೊನೆಗೆ ಮೋಟಾರ್ ಸೈಕಲ್ಲುಗಳೂ ಪುಟ್ಟಿ ಹತ್ತಿದವು. ಸವಾರ ಗಾಡಿಯ ಮೇಲೇ ಕೂತು, ಒಂದು ಕೈಯಲ್ಲಿ ಫೋನು ಹಿಡಿದು ಹರಟುತ್ತ ಹೊಳೆ ದಾಟುತ್ತಿದ್ದ. ಮೊಗುಲಪ್ಪನ ಹೆಂಡತಿ ಆಶಮ್ಮ ದಂಡೆಯ ಗುಡಿಸಲ ಮುಂದೆ ನೀರಿನ ಗಡಿಗೆ ಇಟ್ಟುಕೊಂಡು ಕೂತಿರುತ್ತಿದ್ದಳು. ಹತ್ತುವವರಿಗೂ ನೀರು, ಇಳಿಯುವವರಿಗೂ ನೀರು. ಜೊತೆಗೆ ಮಾತು. ಗಂಡನಿಗೆ ಮಾತು ಕಡಿಮೆ, ಆ ಕೊರತೆಯನ್ನೂ ಅವಳೇ ತುಂಬಿಬಿಡುತ್ತಿದ್ದಳು.

ಹೈದರಾಬಾದಿನ ಸುತ್ತಲ ಸೀಮೆ ಬೇರೆ ರಾಜ್ಯವಾಯಿತು. ಮಕ್ತಲಿನಲ್ಲಿ ಪಟಾಕಿ ಹೊಡೆದು ಗುಲಾಲು ಎರಚಿದ ದಿನ ಮೊಗುಲಪ್ಪನೂ ಬಣ್ಣ ಬಳಿದುಕೊಂಡೇ ಮನೆಗೆ ಬಂದಿದ್ದ. ಆಮೇಲೆ ಜಿಲ್ಲೆಗಳೂ ಬೇರೆಬೇರೆಯಾದವು. ಹೊಳೆಯಾಚೆಗೆ ಗದ್ವಾಲದ್ದೇ ಒಂದು ಜಿಲ್ಲೆ, ಈಚೆಗೆ ನಾರಾಯಣಪೇಟೆಯದು ಇನ್ನೊಂದು. ಕಚೇರಿ ಕೆಲಸಕ್ಕೆಂದು ಆಚೆ ಹೋಗುವವರು ಕಡಿಮೆಯಾದರು. ಅಷ್ಟರಲ್ಲಿ ಯಾವುದೋ ಊರಿನಲ್ಲಿ ಒಂದು ಪುಟ್ಟಿ ಮಗುಚಿತು. ಒಬ್ಬನ ಮನೆಗೆ ಬೆಂಕಿ ಬಿದ್ದರೆ ಊರಿಗೆಲ್ಲ ಒಲೆ ಹಚ್ಚಬೇಡಿ ಎಂದ ಹಾಗೆ, ಇನ್ನು ಎಲ್ಲಿಯೂ ಪುಟ್ಟಿ ಹಾಕಕೂಡದೆಂದು ಹುಕುಮು ಬಂತು. ಜೂರಾಲ ಡ್ಯಾಮಿನ ಮೇಲೆ ರಸ್ತೆ ಇದೆಯಲ್ಲ, ಸುತ್ತು ಹಾಕಿಕೊಂಡು ಹೋಗಲಿ. ಅದೇ ಮಳೆಗಾಲ ಆಶಮ್ಮ ಜ್ವರ ಬಂದು ಮಲಗಿದವಳು ಏಳಲಿಲ್ಲ.

ಮಕ್ಕಳಿರಲಿಲ್ಲ. ಊರೊಳಗೆ ತಮ್ಮ ಪೆದ್ದಯ್ಯನ ಮನೆಯಿತ್ತು. ಅವನು ಬಂದು, "ಇಲ್ಲೊಬ್ಬನೇ ಏನ್ ಮಾಡ್ತಿ ಅಣ್ಣಾ, ಬಂದ್ಬಿಡು" ಎಂದು ಕರೆದ. ಮೊಗುಲಪ್ಪ ಹೋಗಿ ಒಂದು ವಾರ ಇದ್ದ. ನೀರಿನ ಸಪ್ಪಳವಿಲ್ಲದೆ ನಿದ್ದೆ ಹತ್ತಲಿಲ್ಲ. ಯಾರಿಗೂ ಹೇಳದೆ ರೇವಿಗೆ ವಾಪಸು ಬಂದುಬಿಟ್ಟ. ಪುಟ್ಟಿಯನ್ನು ಗುಡಿಸಲ ಪಕ್ಕ ಬೋರಲು ಹಾಕಿದ, ಅದರಡಿ ಕೋಳಿಗಳು ಸಂಸಾರ ಹೂಡಿದವು. ದಂಡೆಯಿಂದಲೇ ಬಲೆ ಬೀಸಿ ನಾಲ್ಕು ಮೀನು ಹಿಡಿಯುವುದು, ಬೇಯಿಸುವುದು, ತಿನ್ನುವುದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಗಾದೆಯೇ ಇದೆ. ಹೊಳೆ ದಾಟುವುದೇ ನಿಂತುಹೋದ ಮೇಲೆ ಅಂಬಿಗನನ್ನು ಯಾರು ಕೇಳಬೇಕು? ಒಂದೊಂದು ದಿನ ಅವನ ಬಾಯಿಂದ ಒಂದೇ ಒಂದು ಮಾತೂ ಹೊರಡುತ್ತಿರಲಿಲ್ಲ, ಕೋಳಿಗಳನ್ನು ಬಯ್ದದ್ದು ಬಿಟ್ಟರೆ.

ಹೀಗಿರುವಾಗ ಒಂದು ಮಧ್ಯಾಹ್ನ ಹೈದರಾಬಾದಿನ ಕಡೆಯ ಬಿಳಿ ಕಾರೊಂದು ದೂಳೆಬ್ಬಿಸಿಕೊಂಡು ಬಂದು ನೀರಿನ ಅಂಚಿನಲ್ಲಿ ನಿಂತಿತು. ಇಳಿದವನು ಕಪ್ಪು ಕನ್ನಡಕದ ಸಾಹೇಬ. ಹೊಳೆಯನ್ನು ನೋಡಿದ, ಕೈಯಲ್ಲಿದ್ದ ಫೋನನ್ನು ನೋಡಿದ, ಮತ್ತೆ ಹೊಳೆಯನ್ನೇ ನೋಡಿದ. ತಪ್ಪು ಹೊಳೆಯದ್ದೇ ಇರಬೇಕು ಎನ್ನುವ ಹಾಗಿತ್ತು ಅವನ ಮುಖ.

"ಬ್ರಿಡ್ಜ್ ಎಲ್ಲಿ?" ಎಂದ.

"ಬ್ರಿಡ್ಜ್ ಎಲ್ಲೀದ್ರೀ ಸಾಹೇಬ್ರ? ಇದು ದಾರಿ ಅಲ್ರೀ, ನೀರು. ಇಳೀರಿ, ನೀರು ಕುಡೀರಿ. ಆಮ್ಯಾಲ ಹಿಂದಕ ಹೋಗೀರಂತ" ಎಂದ ಮೊಗುಲಪ್ಪ.

ಎಷ್ಟೋ ದಿನಕ್ಕೆ ಆಡಿದ ಮಾತು. ಅರ್ಧ ದನಿ, ಅರ್ಧ ಗಾಳಿ. ಆದರೂ ಆ ದಿನ ಬಾಯಿಗೆ ಬಂದದ್ದೇ ಮುಂದೆ ಅವನ ಮಾಮೂಲಿ ಮಾತಾಯಿತು. ಏಕೆಂದರೆ ಆ ಕಾರು ಮೊದಲನೆಯದಷ್ಟೆ. ಅದರ ಹಿಂದೆ ಬಂದವು ನೋಡಿ, ಬೋರು ಕೊರೆಯುವ ಲಾರಿ, ಮದುವೆಯ ಟೆಂಪೋ, ಔಷಧಿ ಮಾರುವ ಹುಡುಗರ ಬೈಕು, ದೇವರಿಗೆ ಹೊರಟವರ ಜೀಪು. ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ಮ್ಯಾಪು, ಮ್ಯಾಪಿನಲ್ಲಿ ಹಿರೇರೇವಿನಿಂದ ಗದ್ವಾಲಕ್ಕೆ ಹೊಳೆಯ ಮೇಲೇ ದಾರಿ. ಡ್ಯಾಮಿನ ಸುತ್ತು ಯಾರಿಗೆ ಬೇಕು? ಹತ್ತಿರದ ದಾರಿ ಎಂದು ಫೋನು ಹೇಳಿತು, ಬಂದರು.

ಬಂದವರಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಇಳಿಸಿಕೊಳ್ಳಲು ಅಲ್ಲಿ ಇದ್ದವನು ಮೊಗುಲಪ್ಪ ಒಬ್ಬನೇ. ಹಾಳೂರಿಗೆ ಉಳಿದವನೇ ಗೌಡ. ಅವನು ಆಶಮ್ಮನ ಗಡಿಗೆಯನ್ನು ತೊಳೆದು ತುಂಬಿಸಿಟ್ಟ, ಎರಡು ಲೋಟಗಳನ್ನು ಬೂದಿ ಹಚ್ಚಿ ಬೆಳಗಿದ, ಬೇವಿನಗಿಡದ ನೆರಳಿಗೆ ಕೂರಲು ಕಲ್ಲು ಉರುಳಿಸಿಕೊಂಡು ಬಂದ. ಜನ ನೀರು ಕುಡಿದು, ಕಲ್ಲಿನ ಮೇಲೆ ಕೂತು, ಫೋನು ಮಾಡಿದ ಕಂಪನಿಯನ್ನೂ ಮ್ಯಾಪು ಮಾಡಿದ ಕಂಪನಿಯನ್ನೂ ಬಯ್ಯುತ್ತಿದ್ದರು. ಮಂದಿಯ ಬಾಯಲ್ಲಿ ಎಂಥೆಂಥ ಅಭಿಪ್ರಾಯಗಳಿದ್ದವು ಅಂತೀರಿ!

ಬೋರಿನ ಲಾರಿಯ ರಾಮುಲು, "ಅಮೆರಿಕಾದಾಗ ಏಸಿ ಹಾಕ್ಕೊಂಡು ಕುಂತೋರಿಗಿ ನಮ್ಮ ಹೊಳಿ ಏನ್ ಗೊತ್ತು ಕಾಕಾ, ಕಾಲು ತೊಯ್ಸಿಕೊಂಡಾರೇನು ಎಂದಾರ?" ಎಂದ. ಸಾಲಿ ಮಾಸ್ತರರೊಬ್ಬರು, ಕಂಪನಿಯದು ತಪ್ಪಿಲ್ಲ, ಸೇತುವೆ ಕಟ್ಟದ ಸರ್ಕಾರದ್ದೇ ತಪ್ಪು ಎಂದು ಮ್ಯಾಪಿನ ಪರವಾಗಿ ವಕಾಲತ್ತು ಮಾಡಿದರು. ಸೀರೆ ವ್ಯಾಪಾರಿಯೊಬ್ಬ ಫೋನನ್ನು ದೂರದ ಕಲ್ಲಿನ ಮೇಲಿಟ್ಟು ಬಂದು, ಇವು ನಮ್ಮ ಮಾತೆಲ್ಲ ಕೇಳುತ್ತವೆ, ನಿನ್ನೆ ಹೆಂಡತಿಯ ಜೊತೆ ಮಿಕ್ಸಿಯ ಮಾತಾಡಿದೆ, ಇವತ್ತು ಬರೀ ಮಿಕ್ಸಿಯ ಜಾಹೀರಾತು ಬರುತ್ತಿದೆ ಎಂದು ಪಿಸುಗುಟ್ಟಿದ. ಒಂದು ಬೈಕಿನಲ್ಲಿ ಗಂಡ ಹೆಂಡತಿ ಬಂದರು. ಅವಳು ಫೋನು ಹೇಳಿದ ಕಡೆಗೆ ಎಂದವಳು, ಅವನು ಡ್ಯಾಮಿನ ಕಡೆಗೆ ಎಂದವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

"ಏನಾರ ಅನ್ರಿ ಕಾಕಾ, ಫೋನಿನಾಗಿನಾಕಿ ಒಂದ್ ಸರ್ತಿನೂ ಸಿಟ್ಟಾಗಂಗಿಲ್ಲ. ದಾರಿ ತಪ್ಪಿದ್ರ ಹೊಳ್ಳಿ ಹೋಗ್ರಿ ಅಂತ ಸಮಾಧಾನ್ಲೆ ಹೇಳ್ತಾಳ. ಇವ್ರಂಗ ಬಯ್ಯಂಗಿಲ್ಲ" ಎಂದಳು ಅವಳು, ಗಂಡನ ಕಡೆ ಕಣ್ಣು ಹಾಯಿಸಿ.

"ಹೊಳ್ಳಿ ಹೋಗ್ರಿ ಅಂತ ಹೇಳಾಕ ನಾನೂ ಅದೀನಲ್ಲವಾ" ಎಂದ ಮೊಗುಲಪ್ಪ.

ಅವಳು ನಕ್ಕಳು. ಅವಳ ಗಂಡನೂ ನಕ್ಕ. ಅವರು ಹೋದ ಮೇಲೆ ಮೊಗುಲಪ್ಪ ಆ ಮಾತನ್ನು ತನಗೆ ತಾನೇ ಇನ್ನೊಮ್ಮೆ ಹೇಳಿಕೊಂಡ. ಮಂದಿಯನ್ನು ನಗಿಸುವ ಮಾತು ತನ್ನ ಬಾಯಿಂದ ಬಂದದ್ದು ಅವನಿಗೇ ಸೋಜಿಗ. ಆಶಮ್ಮ ಇದ್ದಿದ್ದರೆ, "ಅಯ್ ಇವನಾ, ಮಾತ್ ಕಲ್ತಾನ ನೋಡ್ರಿ!" ಎನ್ನುತ್ತಿದ್ದಳು. ಅಂದು ಅವನು ಗಡದ್ದಾಗಿ ಉಂಡ.

ಆದರೂ ಬಿಗುಮಾನದ ಮನುಷ್ಯ. ಬಂದವರಲ್ಲಿ ಒಬ್ಬರಿಗಾದರೂ ಇನ್ನೂ ಸ್ವಲ್ಪ ಕೂರ್ರಿ ಎಂದು ಹೇಳಿದವನಲ್ಲ. ನೀರು ಕುಡಿಸುವುದು, ಡ್ಯಾಮಿನ ದಾರಿ ತೋರಿಸುವುದು, ಹಿಂದಕ್ಕೆ ಕಳಿಸುವುದು. ಗಾಡಿ ತಿರುಗಿದ ಮೇಲೆ ಅದರ ದೂಳು ಕೆಳಗೆ ಕೂರುವತನಕ ನೋಡುತ್ತ ನಿಲ್ಲುತ್ತಿದ್ದ. ಅಷ್ಟೆ.

ಹೀಗೆ ದಾರಿ ತಪ್ಪಿ ಬಂದವರಲ್ಲಿ ತಿರುಗಿ ಬಂದವನು ಹನುಮಂತು ಒಬ್ಬ. ನಾರಾಯಣಪೇಟೆಯಿಂದ ಗದ್ವಾಲದ ಮಗ್ಗಗಳಿಗೆ ನೂಲು ಸಾಗಿಸುವ ಪುಟ್ಟ ವ್ಯಾನು ಅವನದು. ಎರಡನೆಯ ಸಲ ದಾರಿ ಗೊತ್ತಿದ್ದೂ ಬಂದ. ಮೀನಿಗೆ ಬಂದೆ ಎಂದ. ಆಮೇಲೆ ನೆನಪಾದಾಗಲೆಲ್ಲ ಒಂದು ಗಳಿಗೆ ಬಂದು ಹೋಗತೊಡಗಿದ. ಒಂದು ದಿನ ಅವನೇ ಫೋನು ಮುಂದೆ ಹಿಡಿದು ಮ್ಯಾಪಿನ ಗುಟ್ಟು ಬಿಡಿಸಿ ಹೇಳಿದ.

"ಇಲ್ನೋಡು ಕಾಕಾ. ಇದು ಹೊಳಿ. ಇದರ ಮ್ಯಾಗ ಈ ಗೆರಿ ಐತಲ್ಲ, ಇದನ್ನ ಯಾರೂ ಬರದಿಲ್ಲ. ನಿನ್ನ ಪುಟ್ಟಿದಾಗ ಕುಂತ ಮಂದಿ ಕಿಸೇದಾಗ ಫೋನ್ ಇದ್ವಲ್ಲ, ಅವು ಎಲ್ಲಿ ಹೊಂಟಾವ ಅಂತ ಕಂಪನಿಗಿ ತಿಳೀತಿರ್ತೈತಿ. ದಿನಾ ಇಷ್ಟು ಮಂದಿ ಒಂದೇ ಗೆರಿ ಹಿಡದು ಹೊಂಟಾರ ಅಂದ್ರ ಅಲ್ಲಿ ದಾರಿನ ಇರಬೇಕು ಅಂತ ಅದು ತಿಳ್ಕೊಂಡೈತಿ. ಪುಟ್ಟಿ ಅಂದ್ರ ಏನಂತ ಅದಕ್ಕೇನ್ ಗೊತ್ತು?"

ಮೊಗುಲಪ್ಪ ಫೋನನ್ನು ಕಣ್ಣ ಹತ್ತಿರ ತಂದುಕೊಂಡ. ನೀಲಿಯ ಮೇಲೆ ಸಣ್ಣ ಬಿಳಿ ಗೆರೆ. ಅದು ನೆಟ್ಟಗಿರಲಿಲ್ಲ. ರೇವಿನಿಂದ ಮೊದಲು ದಂಡೆಗುಂಟ ಮೇಲಕ್ಕೆ ಹೋಗಿ, ಆಮೇಲೆ ಓರೆಯಾಗಿ ಹೊಳೆಗಿಳಿದು, ನಟ್ಟನಡುವೆ ಒಂದು ಕಡೆ ಸೊಂಟ ಬಳುಕಿಸಿ, ಆಚೆ ದಂಡೆಗೆ ಮುಟ್ಟಿತ್ತು.

"ಇದ್ಯಾಕ ಇಲ್ಲಿ ಡೊಂಕಾಗೈತಿ?" ಎಂದ ಹನುಮಂತು.

"ಅಲ್ಲಿ ನೀರಾಗ ಎಮ್ಮಿಗುಂಡು ಐತಿ. ತಪ್ಪಿಸಿಕೊಂಡು ಹೋಗಬೇಕು" ಎಂದ ಮೊಗುಲಪ್ಪ. ಸೆಳವು ಕೆಳಕ್ಕೆ ತಳ್ಳುತ್ತದೆಂದು ಮೊದಲು ಪುಟ್ಟಿಯನ್ನು ಮೇಲಕ್ಕೆ ನಡೆಸುವುದು, ಆ ಬಂಡೆಯ ಹತ್ತಿರ ಹುಟ್ಟನ್ನು ಒತ್ತಿ ತಿರುವುವುದು, ಎಲ್ಲವೂ ಅಲ್ಲಿತ್ತು. ಅವನ ಇಡೀ ಬಾಳು ಒಂದು ಗೆರೆಯಾಗಿ ಅಲ್ಲಿ ಬಿದ್ದುಕೊಂಡಿತ್ತು. ಹೊಳೆಯ ಮೇಲೆ ಗೆರೆ ಉಳಿಯುವುದಿಲ್ಲ ಎಂದುಕೊಂಡಿದ್ದವನಿಗೆ ಎದೆ ತುಂಬಿ ಬಂತು. ಕಣ್ಣಲ್ಲಿ ನೀರು ಬಂದದ್ದನ್ನು ಬಿಸಿಲಿನ ಮೇಲೆ ಹಾಕಿದ.

"ಇಲ್ಲಿ ದಾರಿ ಇಲ್ಲ ಅಂತ ಕಂಪನಿಗಿ ತಿಳಸಾಕ ಬರ್ತೈತಿ ಕಾಕಾ. ನಾನೇ ಮಾಡ್ತೀನಿ. ತಗದು ಹಾಕ್ತಾರ" ಎಂದ ಹನುಮಂತು.

"ಬ್ಯಾಡ" ಎಂದ ಮೊಗುಲಪ್ಪ, ತೀರಾ ಗಡಬಡಿಸಿ. "ಇರ್ಲಿ ಬಿಡು. ಬಂದೋರಿಗಿ ನಾ ಹೇಳಿ ಕಳಸ್ತೀನಲ್ಲ. ಯಾರ್ದೇನ್ ಗಂಟು ಹೋಗ್ತೈತಿ?"

ಹನುಮಂತು ಅವನ ಮುಖ ನೋಡಿ ಫೋನು ಇಸಿದುಕೊಂಡು ಕಿಸೆಗಿಟ್ಟ. ಗೆರೆ ಅಳಿಸಿದರೆ ಈ ದಂಡೆಗೆ ನರಪಿಳ್ಳೆಯೂ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ, ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದ್ದಾಗ, ಒಂದು ಸಂಜೆ ಕಾರಿನ ಸಪ್ಪಳ ಕೇಳಿಸಿತು. ಮಳೆಯಿಂದಾಗಿ ಬಹಳ ದಿನ ಯಾರೂ ಬಂದಿರಲಿಲ್ಲ. ಮೊಗುಲಪ್ಪನಿಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು. ಲೋಟ ತೊಳೆದು ಕೈಯಲ್ಲಿ ಹಿಡಿದುಕೊಂಡೇ ಎದುರು ಹೋದ.

"ಇದು ದಾರಿ ಅಲ್ರೀ, ನೀರು. ಇಳೀರಿ..." ಎಂದು ಶುರುಮಾಡಿದವನ ಬಾಯಿ ಅಲ್ಲಿಗೇ ನಿಂತಿತು. ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗಿ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ರಜಿತಾ ಎಂದು ಹೆಸರು, ಚೊಚ್ಚಲ ಬಸಿರು. ಅವಳ ತಾಯಿ ಸುಗುಣಮ್ಮ ಕಾರಿನಿಂದ ಧುಮುಕಿದಳು. ಮಾಗನೂರಿನ ಕಡೆಯವರು. ಮಗಳಿಗೆ ಮೊದಲಿನಿಂದ ತೋರಿಸುತ್ತಿದ್ದ ಡಾಕ್ಟರಮ್ಮ ಗದ್ವಾಲದಲ್ಲಿ. ಬಾಡಿಗೆ ಕಾರಿನವನು ನಾರಾಯಣಪೇಟೆ ಕಡೆಯ ಮದ್ದೂರಿನ ಹುಡುಗ, ಈ ಕಡೆ ಅವನಿಗೆ ಹೊಸದು. ಫೋನು ಹತ್ತಿರದ ದಾರಿ ಎಂದಿತ್ತು.

ಸುಗುಣಮ್ಮ ಹೊಳೆಯನ್ನು ನೋಡಿ ಎದೆ ಬಡಿದುಕೊಂಡಳು. ಬೋರಲು ಬಿದ್ದ ಪುಟ್ಟಿ ಕಣ್ಣಿಗೆ ಬಿದ್ದದ್ದೇ ಮೊಗುಲಪ್ಪನ ಕಾಲು ಹಿಡಿದಳು. "ಅಣ್ಣಾ, ನಿನ್ನ ಕಾಲಿಗಿ ಬೀಳ್ತೀನಿ, ಪುಟ್ಟಿ ಹಾಕು. ಅಗೋ ಆಚೀ ದಂಡಿ ಕಾಣಾಕ ಹತ್ತೈತಿ. ನನ್ನ ಮಗಳ್ನ ದಾಟ್ಸು!"

ಮೊಗುಲಪ್ಪ ಓಡಿಹೋಗಿ ಪುಟ್ಟಿಯನ್ನು ಎತ್ತಿದ. ಕೋಳಿಗಳು ಕೂಗಿಕೊಂಡು ಚೆಲ್ಲಾಪಿಲ್ಲಿಯಾದವು. ಬಿದಿರು ಲಡ್ಡಾಗಿ ಪುಡಿಯುದುರುತ್ತಿತ್ತು, ಡಾಂಬರು ಕಿತ್ತುಹೋಗಿತ್ತು, ತೂತುಗಳಲ್ಲಿ ಸಂಜೆಯ ಆಕಾಶ ಕಾಣುತ್ತಿತ್ತು. ಒಂದು ಕಾಲಕ್ಕೆ ಎಂಥ ಪ್ರವಾಹದಲ್ಲೂ ದಾಟಿಸಿದ ಕೈಗಳು ಸುಮ್ಮನೆ ಆ ಹಾಳು ಬುಟ್ಟಿಯನ್ನು ಹಿಡಿದುಕೊಂಡು ನಿಂತವು.

"ಆಗಂಗಿಲ್ಲವಾ" ಎಂದ. "ಆಗಂಗಿಲ್ಲ. ಹಿಂದಕ ಹೋಗ್ರಿ. ಲಗೂ ಹೋಗ್ರಿ."

ಕಾರು ಕೆಸರಿನಲ್ಲಿ ಹೂತಿತು. ಮೊಗುಲಪ್ಪ ಹೆಗಲು ಕೊಟ್ಟು ನೂಕಿದ. ಗಾಲಿ ತಿರುಗಿ ಮೈತುಂಬ ರಾಡಿ ಸಿಡಿಯಿತು. ಕಾರು ಹೊರಟಾಗ ರಜಿತಾ ಕಿಟಕಿಯಿಂದ ಅವನನ್ನು ನೋಡಿದಳು. ಬಯ್ಯಲಿಲ್ಲ, ಏನೂ ಇಲ್ಲ, ಬರೀ ನೋಡಿದಳು. ಕಾರು ಹೋದ ಮೇಲೂ ಕೈಯಲ್ಲಿದ್ದ ಲೋಟ ಎಲ್ಲಿ ಬಿತ್ತೆಂದು ಅವನಿಗೆ ಗೊತ್ತಿರಲಿಲ್ಲ.

ಅವರೇನಾದರು ಎಂದು ಅವನಿಗೆ ಯಾರು ಹೇಳಬೇಕು? ಹೇಳಲು ಯಾರೂ ಇಲ್ಲದ ಜಾಗದಲ್ಲೇ ಅಲ್ಲವೇ ಅವನಿದ್ದದ್ದು. ಕಾರಿನ ಸಪ್ಪಳ ಕೇಳಿ ಖುಷಿಪಟ್ಟೆನಲ್ಲ ಎಂಬುದೊಂದೇ ಮುಳ್ಳಿನ ಹಾಗೆ ನೆಟ್ಟುಕೊಂಡಿತು. ಕಂಪನಿಯವರಿಗೆ ಗೊತ್ತಿಲ್ಲದೆ ತಪ್ಪಾಯಿತು, ಒಪ್ಪೋಣ. ತನಗೆ ಗೊತ್ತಿತ್ತಲ್ಲ! ಕಂಪನಿಗೆ ಬಯ್ದವರೆಲ್ಲ ತನ್ನ ಗಡಿಗೆಯ ನೀರು ಕುಡಿದು ಹೋದರು, ನಿಜಕ್ಕೂ ಬೈಸಿಕೊಳ್ಳಬೇಕಾದವನು ಲೋಟ ಹಿಡಿದು ಎದುರಿಗೇ ನಿಂತಿದ್ದ. ಬೆಳಗಾಗುತ್ತಲೇ ಅವನು ನಡೆದು ಊರಿಗೆ ಹೋಗಿ, ಪೆದ್ದಯ್ಯನ ಫೋನಿನಿಂದ ಹನುಮಂತುವಿಗೆ ಮಾತಾಡಿದ. ಫೋನಿನಲ್ಲಿ ಮಾತಾಡಿ ರೂಢಿಯಿಲ್ಲದವನು, ಹೊಳೆಯಾಚೆಗೆ ಕೂಗುವ ಹಾಗೆ ಕೂಗಿ ಹಿಂದಿನ ಸಂಜೆ ನಡೆದದ್ದನ್ನು ಹೇಳಿದ.

"ಹನುಮಂತೂ, ಆ ಗೆರಿ ಅಳಸಿಬಿಡು!"

"ಕಾಕಾ, ಯೋಚ್ನಿ ಮಾಡೀಯೇನು? ಒಮ್ಮಿ ಅಳಸಿದ್ರ..."

"ಮಾಡೀನಿ. ಅಳಸು ಅಂದ್ರ ಅಳಸು."

ಅಳಿಸಿದ್ದು ಯಾವ ದಿನ ಎಂದು ಯಾರೂ ತಿಳಿಸಲಿಲ್ಲ. ಮಳೆ ನಿಂತು ದಾರಿ ಒಣಗಿತು. ಯಾರೂ ಬರಲಿಲ್ಲ. ಜೋಳ ತೆನೆ ಹಿಡಿಯಿತು, ಆಗಲೂ ಯಾರೂ ಬರಲಿಲ್ಲ. ಒಮ್ಮೊಮ್ಮೆ ಊರ ಹೊರಗೆ ಲಾರಿಯ ಸಪ್ಪಳ ಕೇಳಿ ಎದ್ದು ನಿಲ್ಲುತ್ತಿದ್ದ. ಸಪ್ಪಳ ಅಲ್ಲಿಂದಲೇ ಡ್ಯಾಮಿನ ಕಡೆ ಹೊರಳಿ ಸಣ್ಣದಾಗುತ್ತಿತ್ತು. ಸರಿಯಾದ ದಾರಿಯಲ್ಲಿ ಹೊಂಟಾರ, ಒಳ್ಳೇದಾತು, ಎನ್ನುತ್ತಿದ್ದ ಕೋಳಿಗಳಿಗೆ. ಒಳ್ಳೆಯದೇ ಆಗಿತ್ತು. ಆದರೂ ಸಂಕಟವಾಗುತ್ತಿತ್ತು. ಗಡಿಗೆಯನ್ನು ಮಾತ್ರ ದಿನಾ ತುಂಬಿಸುತ್ತಿದ್ದ, ಸಂಜೆ ಅದೇ ನೀರನ್ನು ಬೇವಿನಗಿಡದ ಬುಡಕ್ಕೆ ಚೆಲ್ಲುತ್ತಿದ್ದ.

ಚಳಿ ಶುರುವಾದಾಗ ಒಂದು ಬೆಳಿಗ್ಗೆ ಹನುಮಂತುವಿನ ವ್ಯಾನು ಬಂತು. ಇಳಿಯುವ ಮೊದಲೇ ಕೂಗಿದ, "ಕಾಕಾ, ಆ ಹುಡುಗಿ ಆರಾಮ್ ಅದಾಳ! ಹೆಣ್ಣು ಕೂಸು. ಆಕಿ ಅವ್ವ ಸುಗುಣಮ್ಮ ಗದ್ವಾಲದಾಗ ನೂಲಿನ ಅಂಗಡಿಗಿ ಬಂದಿದ್ಳು, ಮಾತ್ನಾಗ ಮಾತು ಬಂತು. ಡ್ಯಾಮ್ ಮ್ಯಾಗಿಂದ ಹೋಗಿ ಮುಟ್ಟಿದ್ರಂತ. ಇನ್ ಸ್ವಲ್ಪ ತಡಾ ಆಗಿದ್ರ ಕಷ್ಟಿತ್ತು ಅಂತ ಡಾಕ್ಟರಮ್ಮ ಅಂದ್ಳಂತ."

ಮೊಗುಲಪ್ಪ ಕಲ್ಲಿನ ಮೇಲೆ ಕುಸಿದು ಕೂತ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ. ಈ ಸಲ ಬಿಸಿಲಿನ ಮೇಲೆ ಹಾಕಲಿಲ್ಲ. ಹನುಮಂತು ತಾನೇ ಗಡಿಗೆಯಿಂದ ನೀರು ಬಗ್ಗಿಸಿ ಕೊಟ್ಟ.

ನೀರು ಕುಡಿದು ಮೊಗುಲಪ್ಪ, "ಎಲ್ಲಿ, ಮ್ಯಾಪ್ ತೋರ್ಸು" ಎಂದ.

ಹನುಮಂತು ಫೋನು ತೆಗೆದ. ಹಿರೇರೇವು ಊರಿತ್ತು, ಊರಿನ ತನಕ ದಾರಿಯಿತ್ತು. ಅಲ್ಲಿಂದಾಚೆಗೆ ಏನೂ ಇಲ್ಲದ ಖಾಲಿ ಬಯಲು, ಆಮೇಲೆ ನೀಲಿ. ಮೇಲಕ್ಕೆ ಹೋಗುತ್ತಿದ್ದ ಗೆರೆ, ಎಮ್ಮಿಗುಂಡಿನ ಡೊಂಕು, ಏನೂ ಇರಲಿಲ್ಲ. ರೇವೂ ಇರಲಿಲ್ಲ. ಖಾಲಿಯ ನಡುವೆ, ನೀಲಿಯ ಅಂಚಿಗೆ, ಒಂದು ಸಣ್ಣ ಚುಕ್ಕಿ ಮಾತ್ರ ಮಿಣುಕುತ್ತಿತ್ತು.

"ಇದೇನು?"

"ಇದಾ? ಇದು ನಾವು ಇರೋ ಜಾಗ ಕಾಕಾ. ನಾವು ಇಲ್ಲಿ ಅದೀವಿ ಅಂತ."

"ನಾವು ಇಲ್ಲಿ ಅದೀವಿ ಅಂತ ಕಂಪನಿಗಿ ಗೊತ್ತೈತಿ?"

"ಗೊತ್ತೈತಿ."

ಮೊಗುಲಪ್ಪನ ಮುಖ ಸ್ವಲ್ಪ ಅರಳಿತು. ಫೋನನ್ನು ತನ್ನ ಕೈಗೆ ತೆಗೆದುಕೊಂಡು ಆ ಚುಕ್ಕಿಯನ್ನು ಬಹಳ ಹೊತ್ತು ನೋಡಿದ. ಇಷ್ಟೆಲ್ಲ ಅಳಿಸಿಹೋದರೂ ತನ್ನನ್ನೊಬ್ಬನನ್ನು ಉಳಿಸಿದ್ದಾರೆ ಎನಿಸಿತು. ಹನುಮಂತು ಎದ್ದು ಬಟ್ಟೆಯ ದೂಳು ಝಾಡಿಸಿಕೊಂಡ. ನೂಲು ಮುಟ್ಟಿಸುವುದಿತ್ತು, ಡ್ಯಾಮಿನ ಸುತ್ತು ಬೇರೆ.

"ನೀ ಹೋದ ಮ್ಯಾಲ ಈ ಚುಕ್ಕಿ ಇಲ್ಲೇ ಇರ್ತೈತೇನು?" ಎಂದು ಕೇಳಿದ ಮೊಗುಲಪ್ಪ.

"ಇಲ್ಲ ಕಾಕಾ, ಅದು ಫೋನಿಂದು. ನನ್ನ ಸಂಗಾಟ ಬರ್ತೈತಿ."

ಮೊಗುಲಪ್ಪ ಹೊಳೆಯ ಕಡೆ ನೋಡಿದ. ಫೋನನ್ನು ಹನುಮಂತುವಿಗೆ ವಾಪಸು ಕೊಡಲು ಕೈ ಚಾಚಿದ, ಆದರೆ ಬೆರಳುಗಳು ಅದನ್ನು ಬಿಡಲಿಲ್ಲ.

"ಹಂಗಾದ್ರ ಇನ್ನೊಂದ್ ಸ್ವಲ್ಪ ಹೊತ್ತು ಕೂಡಪಾ" ಎಂದ.